ಹಳೆ ಟಿಲ್ಲರ್‌ಗೆ ಬದಲಿ ಇಂಜಿನ್: ಎಲ್ಲಿ ಹುಡುಕುವುದು, ಯಾವುದು ಕೂರುತ್ತದೆ?

ಹೊಳೆಬಾಗಿಲು, ಕೋಣಂದೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಶಕ್ತಿ 130 ಡಿಐ ಪವರ್ ಟಿಲ್ಲರ್ (ಕೈಯಲ್ಲಿ ಹಿಡಿದು ಓಡಿಸುವ ಉಳುಮೆ ಯಂತ್ರ) ಇದೆ. ಅಪ್ಪಯ್ಯ 2008ರಲ್ಲಿ ತಂದಿದ್ದು. ಗದ್ದೆ ಇದ್ದಷ್ಟು ದಿನ ಗದ್ದೆ ಹೂಡಿತು. ಗದ್ದೆಯೆಲ್ಲ ತೋಟವಾದ ಮೇಲೆ ಗೊಬ್ಬರ, ಸೊಪ್ಪು, ಅಡಿಕೆ ಕೊನೆ ಹೊರುವುದೇ ಕೆಲಸ. ಗೇರ್ ಬಾಕ್ಸ್, ಟ್ರೇಲರ್, ಮಣ್ಣು ಹೂಡುವ ರೋಟರಿ ಎಲ್ಲ ಗಟ್ಟಿ ಇವೆ. ಇಂಜಿನ್ ಮಾತ್ರ ಕೈ ಕೊಟ್ಟಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಲು ಇಬ್ಬರು ಬೇಕು. ಲೋಡ್ ಹಾಕಿ ಏರು ಹತ್ತಿಸಿದರೆ ಉಸಿರು ಕಟ್ಟುತ್ತದೆ. ನೀಲಿ ಹೊಗೆ ಬರುತ್ತದೆ, ಆಯಿಲ್ ಕುಡಿಯುತ್ತದೆ. ಈಗ ಒಳಗಿನಿಂದ ಟಕಟಕ ಸದ್ದು ಬೇರೆ.

ಹೊಸ ಟಿಲ್ಲರ್ ಯೋಚನೆ ಸದ್ಯಕ್ಕಿಲ್ಲ. ಬರೀ ಇಂಜಿನ್ ಬದಲಾಯಿಸಲು ಆಗುತ್ತದೆಯೇ? ಅದೇ ಕಂಪನಿಯ ಅದೇ ಇಂಜಿನ್ ಬೇಕೇ, ಅಥವಾ 10ರಿಂದ 13 ಎಚ್‌ಪಿಯ ಯಾವುದಾದರೂ ಸಾಕೇ? ಮಳೆಗಾಲ ಹಿಡಿಯುವುದರೊಳಗೆ ತೋಟಕ್ಕೆ ಮಣ್ಣು ಹೊಡೆಯಬೇಕು. ಶಿವಮೊಗ್ಗ, ಭದ್ರಾವತಿ, ಸಾಗರ ಎಲ್ಲಿಗೆ ಬೇಕಾದರೂ ಹೋಗಲು ತಯಾರಿದ್ದೇನೆ.

ಕೊಪ್ಪದ ಕಾಫಿ, ಕೊಪ್ಪ

ನಮ್ಮದೂ ಇದೇ ಕಥೆ. ಉತ್ತರ ಬಂದರೆ ನನಗೂ ಬೇಕು.

ಪೆಟ್ರೋಲ್ ಪ್ರಿಯ, ರಿಪ್ಪನ್‌ಪೇಟೆ

ಅಣ್ಣ, ಡೀಸೆಲ್ ಬಿಟ್ಟು ಹಾಕಿ. 13 ಎಚ್‌ಪಿ ಪೆಟ್ರೋಲ್ ಇಂಜಿನ್ ಹೊಸದೇ ಸಿಗುತ್ತದೆ. ಹೋಂಡಾ ಜಿಎಕ್ಸ್ 390 ಮಾದರಿಯದು. ಅದೇ ಅಳತೆಗೆ ಬೇರೆ ಕಂಪನಿಗಳು ಮಾಡಿದ್ದೂ ಇದೆ, ಅದು ಇನ್ನೂ ಅಗ್ಗ. ತೂಕ ಮೂವತ್ತು ಕೆಜಿ ಚಿಲ್ಲರೆ. ಒಬ್ಬನೇ ಎತ್ತಿ ಕೂರಿಸಬಹುದು. ಹಗ್ಗ ಎಳೆದರೆ ಸ್ಟಾರ್ಟ್. ನಿಮ್ಮದೂ 13, ಇದೂ 13. ಇನ್ನೇನು ಬೇಕು?

ಕೆಂಪು ಅಡಿಕೆ, ಸಾಗರ

ಹೊಳೆಬಾಗಿಲಿನವರೇ, ನಮ್ಮ ಪಂಪ್‌ಹೌಸಿನಲ್ಲಿ ಕಿರ್ಲೋಸ್ಕರ್ ಎವಿ1 ಡೀಸೆಲ್ ಇಂಜಿನ್ ಸುಮ್ನೆ ಕೂತಿದೆ. ಕರೆಂಟು ಬಂದ ಮೇಲೆ ಯಾರೂ ಮುಟ್ಟಿಲ್ಲ. ಒಳ್ಳೆ ಕಂಡೀಷನ್. ನಿಮ್ಮ ಟಿಲ್ಲರ್‌ಗೆ ಆಗುವುದಾದರೆ ಬಂದು ನೋಡಿ. ಕಾಫಿಯೂ ಸಿಗುತ್ತದೆ.

ಲೇತ್‌ಮನೆ, ಶಿವಮೊಗ್ಗ

ಸಾಗರ ರೋಡಿನ ಆಟೋ ಕಾಂಪ್ಲೆಕ್ಸ್‌ನಲ್ಲಿ ಬಹಳ ವರ್ಷ ಲೇತ್ ನಡೆಸಿದವನು ನಾನು. ಈಗ ಮಗ ನೋಡಿಕೊಳ್ಳುತ್ತಾನೆ. ಟಿಲ್ಲರ್‌ಗೆ ಬೇರೆ ಇಂಜಿನ್ ಕೂರಿಸಿಕೊಡಿ ಎಂದು ಬರುವವರು ಮೊದಲಿನಿಂದಲೂ ಇದ್ದಾರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಎಚ್‌ಪಿ ಒಂದನ್ನೇ ನೋಡಿ ಇಂಜಿನ್ ತರಬೇಡಿ. ಆ ಎಚ್‌ಪಿ ಎಷ್ಟು ಆರ್‌ಪಿಎಂನಲ್ಲಿ ಬರುತ್ತದೆ ಎಂದು ಮೊದಲು ಕೇಳಿ. ನಿಮ್ಮ ಇಂಜಿನ್ 673 ಸಿಸಿ, 2400 ಆರ್‌ಪಿಎಂನಲ್ಲಿ 13 ಎಚ್‌ಪಿ. ಪೆಟ್ರೋಲಿನದು 389 ಸಿಸಿ, 3600 ಆರ್‌ಪಿಎಂ ತಲುಪಿದಾಗ ಆ ಅಂಕಿ. ಅದೂ ಹಳೆ ಲೆಕ್ಕದ 13. ಅಳೆಯುವ ಕ್ರಮ ಬದಲಾದ ಮೇಲೆ ಹೋಂಡಾದವರೇ ಅದೇ ಜಿಎಕ್ಸ್ 390ಕ್ಕೆ 11.7 ಎಂದು ಬರೆಯುತ್ತಾರೆ. ಟಾರ್ಕ್, ಅಂದರೆ ತಿರುಗಿಸುವ ಬಲ, ಲೆಕ್ಕ ಹಾಕಿದರೆ ನಿಮ್ಮ ಡೀಸೆಲ್‌ನ ಶಾಫ್ಟಿನಲ್ಲಿ ಸುಮಾರು 38 ನ್ಯೂಟನ್ ಮೀಟರ್ ಇದೆ. ಪೆಟ್ರೋಲಿನಲ್ಲಿ 3600ಕ್ಕೆ 23.

ಬೆಲ್ಟ್ ಓಡಿಸುವ ಇಂಜಿನ್ ಪುಲ್ಲಿ (ಗಾಲಿ) ಸಣ್ಣದು ಹಾಕಿ ಸರಿ ಮಾಡಬಹುದಲ್ವಾ ಎಂದು ಕೇಳುತ್ತೀರಿ. ಲೆಕ್ಕಕ್ಕೆ ಸರಿಹೋಗುತ್ತದೆ. ಮಾತಿಗೆ ಇಂಜಿನ್ ಪುಲ್ಲಿ 150 ಎಂಎಂ ಎಂದುಕೊಳ್ಳಿ. 3600ರ ಇಂಜಿನ್ ಹಾಕಿದರೆ ಅದೇ ವೇಗಕ್ಕೆ 100 ಎಂಎಂ ಪುಲ್ಲಿ ಬೇಕು. ಟಿಲ್ಲರ್‌ನಲ್ಲಿ ಇರುವುದು ಬಿ ಸೆಕ್ಷನ್ ಬೆಲ್ಟ್, ಮೇಲಿನ ಅಗಲ 17 ಎಂಎಂ. ಅದಕ್ಕೆ ಸುಮಾರು 125 ಎಂಎಂಗಿಂತ ಸಣ್ಣ ಪುಲ್ಲಿ ಒಗ್ಗುವುದಿಲ್ಲ. ಬೆಲ್ಟ್ ಅಷ್ಟು ಬಗ್ಗುವುದಿಲ್ಲ, ಪುಲ್ಲಿಯನ್ನು ಹಿಡಿಯುವ ಜಾಗವೂ ಕಡಿಮೆಯಾಗುತ್ತದೆ. ಲೋಡ್ ಬಿದ್ದ ಕೂಡಲೇ ಜಾರಿ ಬಿಸಿಯಾಗಿ ಬಿರುಕು ಬಿಡುತ್ತದೆ. ಜಾರುತ್ತದೆ ಎಂದು ಬಿಗಿ ಮಾಡಿದರೆ ಇಂಜಿನ್ ಬೇರಿಂಗ್ ಹೋಗುತ್ತದೆ.

ಆಮೇಲೆ ತೂಕ. ಇಂಜಿನ್ ಹಗುರ ಇದ್ದರೆ ಒಳ್ಳೆಯದು ಎನ್ನುವುದು ಟಿಲ್ಲರ್ ವಿಷಯದಲ್ಲಿ ತಪ್ಪು. ಚಕ್ರದ ಮುಂದೆ ಇಂಜಿನ್, ಹಿಂದೆ ರೋಟರಿ ಮತ್ತು ಹ್ಯಾಂಡಲ್. ಎರಡೂ ಕಡೆ ತೂಗಿಸಿ ಮಾಡಿದ ಯಂತ್ರ ಅದು. ಮುಂದೆ ಮೂವತ್ತು ಕೆಜಿ ಇಟ್ಟರೆ ಹಿಂಭಾಗ ಕೆಳಗೆ ಕೂರುತ್ತದೆ. ಆ ಭಾರವನ್ನೆಲ್ಲ ಓಡಿಸುವವನ ತೋಳು ಹೊರಬೇಕು. ಅದಕ್ಕೆ ಮುಂದೆ ಕಬ್ಬಿಣದ ತುಂಡು ಕಟ್ಟಿಕೊಂಡು ಓಡಿಸಿದವರನ್ನೂ ನೋಡಿದ್ದೇನೆ.

ತಿರುಗುವ ದಿಕ್ಕನ್ನಂತೂ ಯಾರೂ ನೋಡುವುದೇ ಇಲ್ಲ. ಈಗಿನ ಇಂಜಿನ್ ಇನ್ನೂ ಓಡುವ ಸ್ಥಿತಿಯಲ್ಲಿರುವಾಗಲೇ ಪುಲ್ಲಿ ಯಾವ ಕಡೆ ತಿರುಗುತ್ತದೆ ಎಂದು ಚಾಸಿ ಮೇಲೆ ಬಾಣ ಹಾಕಿಕೊಳ್ಳಿ. ಹೋಂಡಾ ಮಾದರಿಯವು ಶಾಫ್ಟಿನ ಎದುರು ನಿಂತು ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ನಿಮ್ಮ ಟಿಲ್ಲರ್‌ಗೆ ಮುಂದಕ್ಕೆ ಆರು ಗೇರು, ಹಿಂದಕ್ಕೆ ಎರಡು. ದಿಕ್ಕು ತಪ್ಪಿದರೆ ಹಿಂದಕ್ಕೆ ಆರು ಗೇರು ಸಿಗುತ್ತವೆ. ಸರ್ಕಸ್‌ಗೆ ಆಗಬಹುದು.

ಕೆಂಪು ಅಡಿಕೆಯವರೇ, ನಿಮ್ಮ ಎವಿ1 ಒಳ್ಳೆ ಇಂಜಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು 5 ಎಚ್‌ಪಿ, 1500 ಆರ್‌ಪಿಎಂ. ಸಿಲಿಂಡರ್ ನೆಟ್ಟಗೆ ನಿಂತಿರುತ್ತದೆ, ಟಿಲ್ಲರ್‌ನಲ್ಲಿ ಮಲಗಿರುತ್ತದೆ. ಮೇಲಾಗಿ ಪಂಪ್ ಎತ್ತಿದ ನೀರಿನಲ್ಲೇ ಒಂದಿಷ್ಟನ್ನು ಇಂಜಿನ್ ಒಳಗೆ ಹಾಯಿಸಿ ತಣ್ಣಗಿಡುವ ಏರ್ಪಾಡು ಅದರದ್ದು. ಗುಡ್ಡದ ರಸ್ತೆಯಲ್ಲಿ ಆ ನೀರು ಎಲ್ಲಿಂದ ತರುತ್ತೀರಿ? ಅದನ್ನು ಪಂಪಿಗೇ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಕರೆಂಟು ಕೈ ಕೊಟ್ಟ ದಿನ ಅದರ ನೆನಪಾಗುತ್ತದೆ.

ಹೊಳೆಬಾಗಿಲಿನವರೇ, ನಿಮ್ಮ ಪ್ರಶ್ನೆಗೆ ನನ್ನದು ಮರುಪ್ರಶ್ನೆ. ಇಂಜಿನ್‌ನಲ್ಲಿ ಹೋಗಿರುವುದು ಯಾವುದು? ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗ್ ಮತ್ತು ಅದು ಓಡಾಡುವ ಸಿಲಿಂಡರ್ ಕೊಳವೆ, ಅಂದರೆ ಲೈನರ್, ಸವೆದಿರಬೇಕು. ಟಕಟಕ ಎಂದರೆ ಕನೆಕ್ಟಿಂಗ್ ರಾಡ್ ಬೇರಿಂಗ್ ಇರಬಹುದು. ಬಿಚ್ಚಿಸಿ, ಅಳತೆ ತೆಗೆಸಿ, ಆ ಬೇರಿಂಗ್ ಕೂರುವ ಕ್ರ್ಯಾಂಕ್ ಪಿನ್ ಎಷ್ಟು ದಪ್ಪ ಇದೆ ಎಂದು ಇಲ್ಲಿ ಬರೆಯಿರಿ. ಅಲ್ಲಿಯ ತನಕ ಎಲ್ಲಿಯೂ ಅಡ್ವಾನ್ಸ್ ಕೊಡಬೇಡಿ.

ಪೆಟ್ರೋಲ್ ಪ್ರಿಯ, ರಿಪ್ಪನ್‌ಪೇಟೆ

ಸರ್, ಯೂಟ್ಯೂಬ್‌ನಲ್ಲಿ ಎಷ್ಟು ಜನ ಹಾಕಿ ಓಡಿಸುತ್ತಾರೆ. ಎಲ್ಲ ಸುಳ್ಳಾ ಹಾಗಾದರೆ?

ಲೇತ್‌ಮನೆ, ಶಿವಮೊಗ್ಗ

ಸುಳ್ಳಲ್ಲ ಮಾರಾಯ್ರೆ, ಓಡುತ್ತದೆ. ಖಾಲಿ ಟ್ರೇಲರ್ ಕಟ್ಟಿಕೊಂಡು ಟಾರ್ ರೋಡಿನಲ್ಲಿ ಓಡುತ್ತದೆ. ಹಸಿ ಗೊಬ್ಬರ ತುಂಬಿಕೊಂಡು ತೋಟದಿಂದ ಮನೆಗೆ ಹತ್ತುವ ವಿಡಿಯೋ ಇದ್ದರೆ ಕಳಿಸಿ, ನಾನೂ ನೋಡುತ್ತೇನೆ. ಸಣ್ಣ ಕಳೆ ಯಂತ್ರಕ್ಕೆ, ಔಷಧಿ ಹೊಡೆಯುವ ಪಂಪಿಗೆ ಪೆಟ್ರೋಲ್ ಇಂಜಿನ್ ಬಹಳ ಚೆನ್ನ. ಅದು ಬೇರೆ ಕೆಲಸ.

ಸೊಪ್ಪಿನಬೆಟ್ಟ, ಹೊಸನಗರ

ಬೇರೆ ಇಂಜಿನ್ ಕೂರಿಸಿ ಓಡಿಸುತ್ತಿರುವವಳು ನಾನು. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹಳೆ ರೈಸ್ ಮಿಲ್ಲಿನ ಚೀನಾ ಇಂಜಿನ್ ಒಂದಿತ್ತು, 195 ಮಾದರಿ. ಆ ನಂಬರಿನಲ್ಲೇ ಅಳತೆ ಇದೆ. ಮೊದಲಿನ 1 ಎಂದರೆ ಒಂದು ಸಿಲಿಂಡರ್, 95 ಎಂದರೆ ಬೋರ್ 95 ಎಂಎಂ. ಅದೇ ತರಹ ಆರ್175, ಆರ್180 ಎಂದರೆ 75 ಮತ್ತು 80 ಎಂಎಂ ಬೋರಿನ ಸಣ್ಣ ಇಂಜಿನ್‌ಗಳು. 195ಕ್ಕೆ 2000 ಆರ್‌ಪಿಎಂನಲ್ಲಿ 12 ಎಚ್‌ಪಿ. ಮಲಗಿದ ಸಿಲಿಂಡರ್, ಡೀಸೆಲ್, ಹ್ಯಾಂಡಲ್ ಸ್ಟಾರ್ಟ್. ನೋಡಲು ಟಿಲ್ಲರ್ ಇಂಜಿನ್ನಿನ ಅಣ್ಣನೇ ಅನಿಸುತ್ತದೆ. ಆದರೆ ಯಾವ ತೂತೂ ಕೂಡುವುದಿಲ್ಲ.

ತಳದ ಬೋಲ್ಟ್ ಅಂತರ ಬೇರೆ. ದಪ್ಪ ಪ್ಲೇಟ್ ಕತ್ತರಿಸಿ ಅದಕ್ಕೆ ಹೊಸ ತೂತು ಕೊರೆಸಿದೆವು. ಪ್ಲೇಟ್ ಬಂದಿದ್ದರಿಂದ ಇಂಜಿನ್ ಎತ್ತರವಾಯಿತು, ಬೆಲ್ಟ್ ಉದ್ದ ಬದಲಾಯಿತು. ಫ್ಲೈವೀಲಿಗೆ (ಇಂಜಿನ್ನಿನ ಭಾರದ ಚಕ್ರ) ಪುಲ್ಲಿ ಕೂರಿಸುವ ಬೋಲ್ಟ್‌ಗಳ ವೃತ್ತ ಬೇರೆ, ಅದಕ್ಕೆ ಲೇತ್‌ನಲ್ಲಿ ಹೊಸ ಪುಲ್ಲಿ ಮಾಡಿಸಬೇಕಾಯಿತು. ಇಷ್ಟಾದ ಮೇಲೆ ಎರಡು ಪುಲ್ಲಿಗಳು ಒಂದೇ ಗೆರೆಗೆ ಬರಬೇಕು. ನೂಲು ಹಿಡಿದು ನೋಡಿ, ವಾಷರ್ ಹಾಕಿ, ಮತ್ತೆ ನೂಲು ಹಿಡಿದು ನೋಡಿ. ಮೂರು ಬೆಲ್ಟಿನಲ್ಲಿ ಒಂದು ಮಾತ್ರ ಬೇಗ ತಿಂದು ಹೋಗುತ್ತಿದ್ದರೆ ಗೆರೆ ತಪ್ಪಿದೆ ಎಂದೇ ಅರ್ಥ.

ದೊಡ್ಡ ತಲೆನೋವು ನೀರಿನದು. ಈ ಇಂಜಿನ್ನಿನ ಮೇಲೆ ಬಾಯಿ ತೆರೆದ ನೀರಿನ ತೊಟ್ಟಿ ಇರುತ್ತದೆ. ನೀರು ಕುದಿದು ಆವಿಯಾಗಿ ಹೋಗುತ್ತದೆ, ಇಂಜಿನ್ ತಣ್ಣಗಿರುತ್ತದೆ, ನಾವು ಮತ್ತೆ ತುಂಬಬೇಕು. ಮಿಲ್ಲಿನ ಸಪಾಟು ನೆಲಕ್ಕೆ ಅದು ಸರಿ. ನಮ್ಮ ಇಳಿಜಾರಿನಲ್ಲಿ ಕುದಿಯುವ ನೀರು ತುಳುಕಿ ಹೊರಗೆ ಬರುತ್ತದೆ. ತಮ್ಮ ಅದಕ್ಕೊಂದು ಎತ್ತರದ ಕೊರಳು ವೆಲ್ಡ್ ಮಾಡಿಕೊಟ್ಟ. ಈಗ ತುಳುಕುವುದು ಕಡಿಮೆ.

ನನಗೆ ನಷ್ಟವಿಲ್ಲ. ಇಂಜಿನ್ ಮನೆಯಲ್ಲೇ ಇತ್ತು, ವೆಲ್ಡಿಂಗ್ ತಮ್ಮನದು. ಎಲ್ಲಕ್ಕೂ ದುಡ್ಡು ಕೊಟ್ಟು ಮಾಡಿಸುವವರು ಯೋಚನೆ ಮಾಡಿ.

ಕೊಪ್ಪದ ಕಾಫಿ, ಕೊಪ್ಪ

ಅಕ್ಕ, ಆ ಚೀನಾ ಇಂಜಿನ್ ಹೊಸದು ಈಗ ಸಿಗುತ್ತದೆಯೇ? ಮೊದಲು ಎಲ್ಲ ಕಡೆ ಇತ್ತು. ಈಗ ಕೇಳಿದರೆ ಅಂಗಡಿಯವರು ಮುಖ ತಿರುಗಿಸುತ್ತಾರೆ.

ಸೊಪ್ಪಿನಬೆಟ್ಟ, ಹೊಸನಗರ

2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಪವರ್ ಟಿಲ್ಲರ್ ಆಮದನ್ನು ಮುಕ್ತ ಪಟ್ಟಿಯಿಂದ ತೆಗೆದು ನಿರ್ಬಂಧಿತ ಪಟ್ಟಿಗೆ ಹಾಕಿತು. ಟಿಲ್ಲರ್ ಮಾತ್ರ ಅಲ್ಲ, ಅದರ ಇಂಜಿನ್, ಟ್ರಾನ್ಸ್‌ಮಿಷನ್, ಚಾಸಿ, ರೋಟವೇಟರ್ ಕೂಡ. ಲೈಸೆನ್ಸ್ ಇಲ್ಲದೆ ತರಿಸುವಂತಿಲ್ಲ. ನಾನು ನಿಮಗಾದರೆ ಅದರ ಆಸೆಯನ್ನೇ ಇಟ್ಟುಕೊಳ್ಳುವುದಿಲ್ಲ. ಇಂಜಿನ್ ಹೇಗೋ ಸಿಕ್ಕಿತು ಎಂದುಕೊಳ್ಳಿ, ನಾಲ್ಕು ವರ್ಷದ ಮೇಲೆ ಅದರ ಬಿಡಿಭಾಗಕ್ಕೆ ಎಲ್ಲಿಗೆ ಹೋಗುತ್ತೀರಿ?

ಹೊಳೆಬಾಗಿಲು, ಕೋಣಂದೂರು

ಲೇತ್‌ಮನೆಯವರೇ, ತೀರ್ಥಹಳ್ಳಿಯ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಲೈನರ್ ಪೂರ್ತಿ ಸವೆದಿದೆ. ಮೇಲ್ಭಾಗದಲ್ಲಿ ಉಗುರಿಗೆ ಸಿಗುವಷ್ಟು ಮೆಟ್ಟಿಲು ಬಿದ್ದಿದೆ. ಏರ್ ಕ್ಲೀನರ್ ಬಟ್ಟಲಿನಲ್ಲಿ ಆಯಿಲ್ ಬದಲು ಕೆಂಪು ಕೆಸರು ಇತ್ತು. ಕ್ರ್ಯಾಂಕ್ ಪಿನ್ ಹಿಂದೆಯೇ ಒಮ್ಮೆ ಗ್ರೈಂಡ್ ಆಗಿದೆ, ಈಗ 0.75ರ ಬೇರಿಂಗ್ ಇದೆ. ಆ ಬೇರಿಂಗೂ ತಿಂದು ಪಿನ್ ಮೊಟ್ಟೆ ಆಕಾರಕ್ಕೆ ಬಂದಿದೆ. ಸಂಪಿನ, ಅಂದರೆ ಇಂಜಿನ್ ತಳದ ತೊಟ್ಟಿಯ, ಆಯಿಲ್ ನೀರು ಸೇರಿ ಹಾಲು ಹಾಕಿದ ಕಾಫಿಯಂತೆ ಇತ್ತು. ಲೈನರ್ ತೆಗೆದ ಮೇಲೆ ಬ್ಲಾಕಿನಲ್ಲಿ ರಬ್ಬರ್ ರಿಂಗ್ ಕೂರುವ ಜಾಗದಲ್ಲಿ ತುಕ್ಕು ತಿಂದು ಗುಳಿ ಬಿದ್ದಿರುವುದು ಕಂಡಿತು. ಹೆಡ್ ಮಾತ್ರ ಚೆನ್ನಾಗಿದೆ ಎಂದರು.

ಅಪ್ಪಯ್ಯ ಮೊದಲಿನಿಂದಲೂ ಹಳ್ಳದ ನೀರನ್ನೇ ಹಾಕುತ್ತಿದ್ದರು. ಅದರಿಂದಲೇ ಇರಬಹುದೇ?

ಲೇತ್‌ಮನೆ, ಶಿವಮೊಗ್ಗ

ನೀರು, ವಯಸ್ಸು ಎರಡೂ. ಕೂಲೆಂಟ್ ಹಾಕಿದ್ದರೆ ತುಕ್ಕು ಇಷ್ಟು ಬರುತ್ತಿರಲಿಲ್ಲ. ಲೈನರ್ ಸವೆದಿದ್ದಕ್ಕೆ ಮಾತ್ರ ಧೂಳೇ ಕಾರಣ. ಅದು ಆಯಿಲ್ ಬಾತ್ ಏರ್ ಕ್ಲೀನರ್. ಒಳಗೆ ಬರುವ ಗಾಳಿ ಆಯಿಲ್ ಮೇಲೆ ಹಾದು ಧೂಳನ್ನು ಅಲ್ಲೇ ಬಿಟ್ಟು ಹೋಗಬೇಕು. ಆಯಿಲ್ ಕೆಸರಾದ ಮೇಲೆ ಧೂಳು ನೇರ ಇಂಜಿನ್ನಿಗೆ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಮಣ್ಣು ರಸ್ತೆಯಲ್ಲಿ ಗೊಬ್ಬರ ಹೊಡೆಯುವವರು ಆ ಬಟ್ಟಲನ್ನು ದಿನಾ ತೆಗೆದು ನೋಡಬೇಕು. ಆ ಧೂಳನ್ನು ಬೆರಳಿಗೆ ಹಚ್ಚಿ ಉಜ್ಜಿ ನೋಡಿ, ವಾಲ್ವ್ ಉಜ್ಜುವ ಪೇಸ್ಟಿಗಿಂತ ಕಮ್ಮಿ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಬರೀ ಲೈನರ್, ಪಿಸ್ಟನ್, ರಿಂಗ್ ಹೋಗಿದ್ದರೆ ಕಿಟ್ ಹಾಕಿ ಓಡಿಸಿ ಎನ್ನುತ್ತಿದ್ದೆ. ಕಿಟ್ ಎಲ್ಲ ಕಡೆ ಸಿಗುತ್ತದೆ. ಕ್ರ್ಯಾಂಕ್ ಮೊದಲ ಸಲ ಹೋಗಿದ್ದರೂ ಗ್ರೈಂಡ್ ಮಾಡಿಸಬಹುದಿತ್ತು. ಬೇರಿಂಗ್ ಸಾಮಾನ್ಯವಾಗಿ 0.25, 0.50, 0.75 ಎಂಎಂ ಕಡಿಮೆ ಅಳತೆಗೆ ಬರುತ್ತವೆ. ನೀವು ಆಗಲೇ ಕೊನೆ ಮೆಟ್ಟಿಲಲ್ಲಿದ್ದೀರಿ. ಪಿನ್ನಿಗೆ ವೆಲ್ಡಿಂಗ್ ತುಂಬಿಸಿ ಮತ್ತೆ ಗ್ರೈಂಡ್ ಮಾಡುವವರು ಇದ್ದಾರೆ. ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್ನಿನಲ್ಲಿ ಹೊಡೆತವೆಲ್ಲ ಆ ಒಂದು ಪಿನ್ನಿನ ಮೇಲೇ ಬೀಳುತ್ತದೆ, ನಾನು ಆ ಕೆಲಸ ಮಾಡಿಕೊಡುವುದಿಲ್ಲ. ಹೊಸ ಕ್ರ್ಯಾಂಕ್, ಕಿಟ್, ಬೇರಿಂಗ್, ಸೀಲ್ ಎಲ್ಲ ತಂದು ಗುಳಿ ಬಿದ್ದ ಬ್ಲಾಕಿನೊಳಗೆ ಹಾಕಿದರೆ ನೀರು ಮತ್ತೆ ಸಂಪಿಗೆ ಇಳಿಯುತ್ತದೆ.

ಹಾಗಾಗಿ ನಿಮಗೆ ಬದಲಿ ಇಂಜಿನ್ನೇ ಬೇಕು. ಅದೇ ಮಾದರಿಯದು ಬೇಕು. ನಿಮ್ಮ ಶಕ್ತಿ ಟಿಲ್ಲರ್ ಮಾಡುವ ವಿಎಸ್‌ಟಿಯವರು ಬೆಂಗಳೂರಿನವರು, 1967ರಲ್ಲಿ ಶುರುವಾದ ಕಂಪನಿ. ನಮ್ಮ ಕಡೆ ಈ ಟಿಲ್ಲರ್ ಬಹಳ ಮಾರಾಟವಾಗಿದೆ, ಹಾಗಾಗಿ ಹಳೆಯದೂ ಬಹಳ ಇವೆ. ಬರೀ ಇಂಜಿನ್ ಹುಡುಕಬೇಡಿ. ಇಂಜಿನ್ ಚೆನ್ನಾಗಿದ್ದು ಉಳಿದದ್ದು ಹಾಳಾದ ಇಡೀ ಟಿಲ್ಲರ್ ಹುಡುಕಿ. ಗುಜರಿಯಲ್ಲಿ ನೆಲದ ಮೇಲೆ ಕೂತ ಇಂಜಿನ್ ಸ್ಟಾರ್ಟ್ ಮಾಡಿ ಲೋಡ್ ಕೊಟ್ಟು ನೋಡಲು ಆಗುವುದಿಲ್ಲ.

ಅಂಬುತೀರ್ಥ, ತೀರ್ಥಹಳ್ಳಿ

ವಿಷಯ ಬಿಟ್ಟು ಒಂದು ಮಾತು. ಅಡಿಕೆ ತೋಟದೊಳಗೆ ರೋಟರಿ ಹೊಡೆಯುತ್ತೀರಾ? ಅಡಿಕೆ ಬೇರು ಮೇಲ್ಮಣ್ಣಿನಲ್ಲೇ ಜಾಸ್ತಿ ಇರುವುದು. ರೋಟರಿ ಅದನ್ನೆಲ್ಲ ಕತ್ತರಿಸುತ್ತದೆ. ಇಂಜಿನ್ ಹೋಗಿದ್ದು ತೋಟಕ್ಕೆ ಒಳ್ಳೆಯದೇ ಆಯಿತು!

ಹೊಳೆಬಾಗಿಲು, ಕೋಣಂದೂರು

ಇಲ್ಲ ಮಾರಾಯ್ರೆ. ತೋಟದೊಳಗೆ ಬರೀ ಟ್ರೇಲರ್ ಹೋಗುತ್ತದೆ, ಅದೂ ಬಸಿಗಾಲುವೆ ದಾಟಲು ಹಲಗೆ ಹಾಕಿರುವ ಕಡೆ ಮಾತ್ರ. ರೋಟರಿ ಹೊಡೆಯುವುದು ಶುಂಠಿ ಹಾಕುವ ಜಾಗಕ್ಕೆ.

ಅಂಬುತೀರ್ಥ, ತೀರ್ಥಹಳ್ಳಿ

ಶುಂಠಿ ಬಗ್ಗೆ ಶುರು ಮಾಡಿದರೆ ರಾತ್ರಿಯಾಗುತ್ತದೆ. ಬಿಟ್ಟೆ.

ಭದ್ರಾ ನಾಲೆ, ಹೊಳೆಹೊನ್ನೂರು

ಲೇತ್‌ಮನೆಯವರು ಹೇಳಿದ್ದು ಸರಿ. ಅಂಥ ಟಿಲ್ಲರ್ ಹುಡುಕಲು ನಮ್ಮ ಕಡೆ ಬನ್ನಿ. ಭದ್ರಾ ಅಚ್ಚುಕಟ್ಟಿನಲ್ಲಿ ಮೊದಲು ಮನೆಗೊಂದು ಟಿಲ್ಲರ್ ಇತ್ತು. ಈಗ ದೊಡ್ಡ ಟ್ರ್ಯಾಕ್ಟರ್‌ನವರು ಗಂಟೆ ಲೆಕ್ಕದಲ್ಲಿ ಬಂದು ಕೇಜ್‌ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಗದ್ದೆ ಹದ ಮಾಡಿ ಹೋಗುತ್ತಾರೆ. ಎಷ್ಟೋ ಟಿಲ್ಲರ್ ಹುಲ್ಲಿನ ಬಣವೆ ಪಕ್ಕ ನಿಂತಿವೆ.

ಒಂದು ಗುಟ್ಟು ಹೇಳುತ್ತೇನೆ. ಕೆಸರು ಗದ್ದೆಯಲ್ಲಿ ದುಡಿದ ಟಿಲ್ಲರ್‌ನಲ್ಲಿ ಮೊದಲು ಹೋಗುವುದು ಆಕ್ಸಲ್ ಸೀಲ್, ರೋಟರಿ ಸೀಲ್. ಅಲ್ಲಿಂದ ಕೆಸರು ನೀರು ಗೇರ್ ಬಾಕ್ಸ್‌ಗೆ ಇಳಿಯುತ್ತದೆ, ಬೇರಿಂಗ್ ತಿನ್ನುತ್ತದೆ. ಇಂಜಿನ್ನಿಗೆ ಮಾತ್ರ ಧೂಳು ಕಡಿಮೆ, ಒದ್ದೆ ಗದ್ದೆಯಲ್ಲಿ ಧೂಳೆಲ್ಲಿ? ನಿಮ್ಮ ಕಡೆಯ ಟ್ರೇಲರ್ ಹೊರುವ ಟಿಲ್ಲರ್‌ಗಳದ್ದು ತದ್ವಿರುದ್ಧ. ಗೇರ್ ಬಾಕ್ಸ್ ಇರುತ್ತದೆ, ಇಂಜಿನ್ ಹೋಗಿರುತ್ತದೆ. ಹಾಗಾಗಿ ಗದ್ದೆಯ ಟಿಲ್ಲರ್ ಹುಡುಕಿ. ಇಟ್ಟಿಗೆ ಭಟ್ಟಿಯವರ ಟಿಲ್ಲರ್ ಎಂದರೆ ಹತ್ತಿರವೂ ಹೋಗಬೇಡಿ, ಅವರು ಎರಡನ್ನೂ ಮುಗಿಸಿರುತ್ತಾರೆ.

ನೋಡಲು ಹೋಗುವಾಗ ಬರುತ್ತೇನೆ ಎಂದು ಫೋನ್ ಮಾಡಿ ಹೇಳಬೇಡಿ. ಹೇಳಿದರೆ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿರುತ್ತಾರೆ. ಹೋದ ಕೂಡಲೇ ಬ್ಲಾಕ್ ಮುಟ್ಟಿ ನೋಡಿ, ತಣ್ಣಗಿರಬೇಕು. ಡಿಕಂಪ್ರೆಶನ್ ಲಿವರ್ (ಸಿಲಿಂಡರಿನ ಒತ್ತಡ ಬಿಟ್ಟು ಹ್ಯಾಂಡಲ್ ಹಗುರ ಮಾಡುವ ಹಿಡಿ) ಎತ್ತದೆ ಹ್ಯಾಂಡಲ್ ನಿಧಾನ ತಿರುಗಿಸಿ. ಒಂದು ಜಾಗದಲ್ಲಿ ಗಟ್ಟಿಯಾಗಿ ತಡೆದು ಹಿಂದಕ್ಕೆ ನೂಕಬೇಕು. ಸಲೀಸಾಗಿ ತಿರುಗಿ ಹೋದರೆ ಕಂಪ್ರೆಶನ್ ಇಲ್ಲ, ವಾಪಸ್ ಬನ್ನಿ. ಸ್ಟಾರ್ಟ್ ಮಾಡುವ ಮೊದಲೇ ಸಂಪಿನ ಬೋಲ್ಟ್ ಸ್ವಲ್ಪ ಸಡಿಲಿಸಿ. ರಾತ್ರಿಯೆಲ್ಲ ನಿಂತ ಇಂಜಿನ್ನಿನಲ್ಲಿ ನೀರು ಆಯಿಲಿನ ಕೆಳಗೆ ಇಳಿದಿರುತ್ತದೆ. ಮೊದಲು ನಾಲ್ಕು ಹನಿ ನೀರು ಬಂದರೆ ಮಾತಾಡುವುದೇ ಬೇಡ. ಓಡುವಾಗ ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿಯಿರಿ. ಹೊಗೆ ಬುಸುಬುಸು ಬಂದರೆ ರಿಂಗ್ ಹೋಗಿದೆ. ಕೊನೆಗೆ ನಿಲ್ಲಿಸಿ ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ, ಸಡಿಲ ಇದೆಯಾ ನೋಡಿ. ತಳದ ಬೋಲ್ಟ್ ಕಿವಿಗಳಲ್ಲಿ ಹಳೆ ವೆಲ್ಡಿಂಗ್ ಇದೆಯಾ ನೋಡಲು ಮರೆಯಬೇಡಿ. ಪೈಂಟ್ ಹೊಸದಿದ್ದ ಕಡೆ ಕೆರೆದು ನೋಡಿ.

ನಮ್ಮೂರ ಹತ್ತಿರ ಎರಡು ಟಿಲ್ಲರ್ ನನ್ನ ಕಣ್ಣಿನಲ್ಲಿವೆ. ಮೆಸೇಜ್ ಮಾಡಿ.

ಪೆಟ್ರೋಲ್ ಪ್ರಿಯ, ರಿಪ್ಪನ್‌ಪೇಟೆ

ಕ್ಯಾಮ್ಕೊ ಟಿಲ್ಲರ್‌ನ ಇಂಜಿನ್ ಆಗುವುದಿಲ್ಲವೇ? ಕರಾವಳಿ ಕಡೆ ಅದು ಬೇಕಾದಷ್ಟಿದೆ.

ಲೇತ್‌ಮನೆ, ಶಿವಮೊಗ್ಗ

ಒಳ್ಳೆ ಪ್ರಶ್ನೆ. ಕ್ಯಾಮ್ಕೊ ಕೇರಳ ಸರ್ಕಾರದ ಕಂಪನಿ, ಅದರ ಟಿಲ್ಲರ್ ಕುಬೋಟಾ ವಿನ್ಯಾಸದ್ದು, 12 ಎಚ್‌ಪಿ. ಶಕ್ತಿ ಮಿತ್ಸುಬಿಷಿ ವಿನ್ಯಾಸದ್ದು. ಎರಡೂ ಗಟ್ಟಿ ಯಂತ್ರಗಳೇ. ಆದರೆ ಒಂದರ ಇಂಜಿನ್ ಇನ್ನೊಂದರ ಚಾಸಿಗೆ ಹಾಕಲು ಹೋದರೆ ಸೊಪ್ಪಿನಬೆಟ್ಟದವರು ಹೇಳಿದ ಪ್ಲೇಟು, ಪುಲ್ಲಿ, ನೂಲಿನ ಕಥೆ ಮತ್ತೆ ಶುರು. ಕ್ಯಾಮ್ಕೊ ಟಿಲ್ಲರ್ ಇದ್ದವರು ಕ್ಯಾಮ್ಕೊ ಇಂಜಿನ್ನೇ ಹುಡುಕಲಿ.

ಕೆಂಪು ಅಡಿಕೆ, ಸಾಗರ

ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಹಳೆ ಟಿಲ್ಲರ್ ಮೇಲೆ ಸೊಸೈಟಿಯದೋ ಪಿಎಲ್‌ಡಿ ಬ್ಯಾಂಕಿನದೋ ಸಾಲ ಇರುವುದು ಮಾಮೂಲು. ಮಾರುವವರ ಹತ್ತಿರ ಸಾಲ ತೀರಿದ ಪತ್ರ ಕೇಳಿ. ಇಂಜಿನ್ ನಂಬರ್ ಬ್ಲಾಕಿನ ಮೇಲೆ ಕೆತ್ತಿರುತ್ತದೆ, ತಗಡಿನ ಪ್ಲೇಟ್ ನಂಬಬೇಡಿ. ಎರಡು ಸಾಲಿನ ಮಾರಾಟ ಪತ್ರದಲ್ಲಿ ಆ ನಂಬರ್ ಬರೆಸಿ ಸಹಿ ಹಾಕಿಸಿಕೊಳ್ಳಿ. ನಿಮ್ಮ ಟಿಲ್ಲರ್ ಆರ್‌ಟಿಒದಲ್ಲಿ ನೋಂದಣಿ ಆಗಿದ್ದರೆ ಇಂಜಿನ್ ಬದಲಾಗಿದ್ದನ್ನು ಆರ್‌ಸಿಯಲ್ಲಿ ಬರೆಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೇ ಇರುವುದು. ಟ್ರೇಲರ್ ಕಟ್ಟಿ ರಸ್ತೆಗೆ ಹೋಗುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹೊಳೆಬಾಗಿಲು, ಕೋಣಂದೂರು

ಕೆಲಸ ಆಯಿತು. ಎಲ್ಲರಿಗೂ ಹೇಳಬೇಕು ಅನಿಸಿತು.

ಭದ್ರಾ ನಾಲೆಯವರೇ ಜೊತೆಗೆ ಬಂದರು. ಮೊದಲನೆಯ ಟಿಲ್ಲರ್‌ನ ಬ್ಲಾಕ್ ಮುಟ್ಟಿದಾಗಲೇ ಬೆಚ್ಚಗಿತ್ತು. ನಾವು ಬರುವುದು ಹೇಗೋ ಗೊತ್ತಾಗಿತ್ತು. ಮಜ್ಜಿಗೆ ಕುಡಿದು ಬಂದೆವು. ಎರಡನೆಯದರ ಗೇರ್ ಬಾಕ್ಸ್‌ನಲ್ಲಿ ಕೆಸರು ತುಂಬಿ ಒಂದು ಗೇರು ಮುರಿದಿತ್ತು. ಅವರು ರಿಪೇರಿ ಮಾಡಿಸದೆ ಹಾಗೇ ನಿಲ್ಲಿಸಿದ್ದರು. ಇಂಜಿನ್ ಹ್ಯಾಂಡಲ್ ತಿರುಗಿಸಿದರೆ ಕೈಯನ್ನೇ ಹಿಂದಕ್ಕೆ ನೂಕಿತು. ಸಂಪಿನಲ್ಲಿ ನೀರಿಲ್ಲ. ಡೀಸೆಲ್ ಬದಲಾಯಿಸಿ ಗಾಳಿ ತೆಗೆದ ಮೇಲೆ ಸ್ಟಾರ್ಟ್ ಆಯಿತು. ಸ್ವಲ್ಪ ಬಿಳಿ ಹೊಗೆ ಬಂದು ಆಮೇಲೆ ನಿಂತಿತು. ಸೊಸೈಟಿ ಪತ್ರವೂ ಇತ್ತು. ಇಡೀ ಟಿಲ್ಲರನ್ನೇ ಕೊಂಡೆ.

ಬೋಲ್ಟ್ ತೂತು, ಎತ್ತರ, ದಿಕ್ಕು ಏನೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಅವರ ಪುಲ್ಲಿಯ ಕಾಲುವೆ ಸವೆದು ಬೆಲ್ಟ್ ತಳ ಮುಟ್ಟುತ್ತಿತ್ತು. ನನ್ನ ಪುಲ್ಲಿ ಚೆನ್ನಾಗಿತ್ತು, ಅದನ್ನೇ ಹಾಕಿದೆವು. ಮೂರೂ ಬೆಲ್ಟ್ ಹೊಸದು, ಒಂದೇ ಸೆಟ್. ನನ್ನ ಹಳೆ ಇಂಜಿನ್ನಿನ ಹೆಡ್ ಚೆನ್ನಾಗಿತ್ತಲ್ಲ, ಅದನ್ನು ಸ್ಪೇರ್ ಎಂದು ಎತ್ತಿಟ್ಟಿದ್ದೇನೆ. ಡೀಸೆಲ್ ಸಿಂಪಡಿಸುವ ನಾಜಲ್ ಮಾತ್ರ ಶಿವಮೊಗ್ಗಕ್ಕೆ ಕಳಿಸಿ ಟೆಸ್ಟ್ ಮಾಡಿಸಿದೆ. ಹನಿ ಬೀಳುತ್ತಿತ್ತು, ಬದಲಾಯಿಸಿದರು. ಮೊದಲ ಲೋಡ್ ಗೊಬ್ಬರ ಎರಡನೇ ಗೇರಿನಲ್ಲೇ ಏರು ಹತ್ತಿತು.

ಬೆಲೆ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಹೊಳೆಹೊನ್ನೂರಿನಲ್ಲಿ ಅದೇ ರೇಟ್ ಆಗುತ್ತದೆ. ಬೇಕಾದವರು ಮೆಸೇಜ್ ಮಾಡಿ.

ಲೇತ್‌ಮನೆ, ಶಿವಮೊಗ್ಗ

ಒಳ್ಳೆಯದಾಯಿತು. ವರ್ಷಗಟ್ಟಲೆ ನಿಂತ ಇಂಜಿನ್ ಅದು. ಈಗ ಹಾಕಿದ ಆಯಿಲನ್ನು ಪೂರ್ತಿ ಅವಧಿ ಓಡಿಸಬೇಡಿ. ನಾಲ್ಕಾರು ದಿನದ ಕೆಲಸ ಆದ ಮೇಲೆ ಬಿಸಿ ಇರುವಾಗಲೇ ಇಳಿಸಿ ಹೊಸದು ಹಾಕಿ. ಡೀಸೆಲ್ ಟ್ಯಾಂಕ್ ಬಿಚ್ಚಿ ತೊಳೆಯಿರಿ, ತಳದಲ್ಲಿ ತುಕ್ಕಿನ ಪುಡಿ ಇರುತ್ತದೆ, ಹೊಸ ನಾಜಲ್ ಹಾಳು ಮಾಡುತ್ತದೆ. ಬೆಲ್ಟ್ ಹೊಸದಾದ್ದರಿಂದ ಮೊದಲ ವಾರದಲ್ಲಿ ಉದ್ದ ಆಗುತ್ತದೆ, ಬಿಗಿ ನೋಡಿಕೊಳ್ಳಿ. ಏರ್ ಕ್ಲೀನರ್ ಬಟ್ಟಲು ಬಗ್ಗೆ ಇನ್ನೊಮ್ಮೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಹೊಳೆಬಾಗಿಲು, ಕೋಣಂದೂರು

ಬೇಕಾಗಿಲ್ಲ. ಅಪ್ಪಯ್ಯನೇ ದಿನಾ ತೆಗೆದು ನೋಡುತ್ತಿದ್ದಾರೆ. ಕೂಲೆಂಟ್‌ಗೆ ದುಡ್ಡು ಕೊಡಲು ಮಾತ್ರ ಇನ್ನೂ ಒಪ್ಪಿಲ್ಲ.

ಕೊಪ್ಪದ ಕಾಫಿ, ಕೊಪ್ಪ

ಆ ಇನ್ನೊಂದು ಟಿಲ್ಲರ್‌ನ ರೋಟರಿ ಏನು ಮಾಡಿದಿರಿ? ಬ್ಲೇಡ್ ಚೆನ್ನಾಗಿದ್ದರೆ ನಾನು ತೆಗೆದುಕೊಳ್ಳುತ್ತೇನೆ.

ಹೊಳೆಬಾಗಿಲು, ಕೋಣಂದೂರು

ಬ್ಲೇಡ್ ಅರ್ಧ ಸವೆದಿವೆ, ಸೀಲ್ ಹೋಗಿದೆ, ಶಾಫ್ಟ್ ನೆಟ್ಟಗಿದೆ. ಭಾನುವಾರ ಬಂದು ನೋಡಿ. ಹ್ಯಾಂಡಲ್, ಕ್ಲಚ್ ಪುಲ್ಲಿ, ಎರಡು ಟೈರು ಕೂಡ ಇವೆ. ಗೇರ್ ಬಾಕ್ಸ್ ಕವಚ ಬೇಕಾದವರು ಹೇಳಿ, ಇಲ್ಲದಿದ್ದರೆ ಸೋಮವಾರ ಗುಜರಿಗೆ ಹೋಗುತ್ತದೆ.